ಕಾಲು ನೆಲಕ್ಕೆ ತಾಗುವ ಸೈಕಲ್ಲು

ಮೊಮ್ಮಗನು ಹತ್ತನೆಯ ಇಯತ್ತೆ ಪಾಸಾದರೆ ಸೈಕಲ್ಲು ಕೊಡಿಸುತ್ತೇನೆಂದು ಮಾತು ಕೊಟ್ಟವನು ನಾನೇ. ಕಳೆದ ಮೇ ತಿಂಗಳಲ್ಲಿ ಅವನು ಪಾಸಾಗಿಯೇ ಬಿಟ್ಟ. ಫಲಿತಾಂಶದ ಪೇಡೆ ಬಾಯಲ್ಲಿ ಕರಗುವ ಮೊದಲೇ ಮನೆಯಲ್ಲಿ ಚರ್ಚೆ ಶುರುವಾಯಿತು. ಹುಡುಗನಿಗೆ ಬೇಕಾದದ್ದು ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲಿನ, ಬೆರಳಷ್ಟು ದಪ್ಪದ ಟಯರಿನ ರೇಸ್ ಸೈಕಲ್ಲು. ಬೆಲೆ ನಲವತ್ತು ಸಾವಿರ. ಅವನ ಅಪ್ಪನ ಲೆಕ್ಕದಲ್ಲಿ ಆರು ಸಾವಿರದ ಸಾದಾ ಸೈಕಲ್ಲೇ ಧಾರಾಳವಾಯಿತು. ಅವನ ಅಮ್ಮನಿಗೆ ಯಾವ ಸೈಕಲ್ಲೂ ಬೇಡ. ಮುಲುಂಡದ ರಸ್ತೆಯಲ್ಲಿ ಮಗನು ಮನೆಗೆ ಸುಖವಾಗಿ ಮರಳಿದರೆ ಸಾಕು. ನನ್ನ ಉಳಿತಾಯದಲ್ಲಿ ಇದಕ್ಕೆಂದು ತೆಗೆದಿಟ್ಟದ್ದು ಇಪ್ಪತ್ತೈದು ಸಾವಿರ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದುಂಟು. ಆದರೆ ಸೈಕಲ್ಲಿನ ವಿಷಯದಲ್ಲಿ ಹಣಕ್ಕಿಂತ ಮೊದಲು ಅಳೆಯಬೇಕಾದದ್ದು ನಿಜವಾದ ಕಾಲನ್ನೇ ಎಂಬುದು ನನಗೆ ಬಹಳ ಹಿಂದೆ, ಬಹಳ ದುಬಾರಿಯಾಗಿ ತಿಳಿದ ಪಾಠ. ಅದನ್ನು ಮುಂದೆ ಹೇಳುತ್ತೇನೆ.

“ಕೊಳ್ಳುವ ಮೊದಲು ಊರು ನೋಡೋಣ. ಯಾರು ಯಾವ ಸೈಕಲ್ಲನ್ನು ಯಾಕೆ ಓಡಿಸುತ್ತಾರೆಂದು ಕಣ್ಣಾರೆ ಕಂಡು ಆಮೇಲೆ ಅಂಗಡಿಗೆ ಹೋಗೋಣ” ಎಂದೆ. ಹುಡುಗ ಮುಖ ಸಣ್ಣದು ಮಾಡಿದನಾದರೂ ರಜೆಯ ದಿನಗಳು, ಒಪ್ಪಿಕೊಂಡ.

ಮೊದಲ ದಿನ ಚರ್ಚ್‌ಗೇಟ್ ಸ್ಟೇಶನ್ನಿನ ಹೊರಗೆ ಹನ್ನೊಂದೂವರೆ ಗಂಟೆಗೆ ನಿಂತೆವು. ಬಿಳಿಯ ಟೊಪ್ಪಿಗೆಯ ಡಬ್ಬಾವಾಲಾಗಳು ಬಂದಿಳಿಯುವ ಹೊತ್ತು ಅದು. 1890ರಿಂದ ನಡೆದುಬಂದ ಈ ವ್ಯವಸಾಯವನ್ನು ಮುಂಬಯಿಯಲ್ಲಿದ್ದೂ ನಿಂತು ನೋಡದವರು ನಮ್ಮಲ್ಲಿ ಎಷ್ಟು ಮಂದಿಯೋ! ಅವರ ಸೈಕಲ್ಲಿನ ಎರಡು ಕಡೆಗೂ ಹಿಂದೆಯೂ ಡಬ್ಬಿಗಳು ತೂಗುತ್ತವೆ. ಸೈಕಲ್ಲು ನೋಡಿದರೆ ಹಳೆಯ ಕಾಲದ್ದು: ದಪ್ಪ ಉಕ್ಕಿನ ಕೊಳವೆ, ದೊಡ್ಡ ಗಾಲಿ, ಗಟ್ಟಿ ಕ್ಯಾರಿಯರು, ಗೇರಿನ ಹೆಸರಿಲ್ಲ. “ಇಷ್ಟು ಭಾರದ ಸೈಕಲ್ಲು ಯಾಕಜ್ಜ?” ಎಂದ ಮೊಮ್ಮಗ. ಭಾರ ಹೊರುವುದಕ್ಕೆ ಹಗುರ ಸೈಕಲ್ಲು ಆಗದು, ಕೆಟ್ಟರೆ ಯಾವ ಮೂಲೆಯ ರಿಪೇರಿಯವನೂ ಹತ್ತು ನಿಮಿಷದಲ್ಲಿ ಸರಿಮಾಡಬೇಕು, ಬೀಗವಿಲ್ಲದೆ ಬಿಟ್ಟರೂ ಕಳ್ಳನಿಗೆ ಆಸೆಯಾಗಬಾರದು ಎಂದು ವಿವರಿಸಿದೆ. ಮಾಟುಂಗಾ, ಧಾರಾವಿಗಳ ಕಡೆಯಿಂದ ಹಾರ್ನು ಒತ್ತುತ್ತ ಬರುವ ಇಡ್ಲಿಯವನದೂ, ನಸುಕಿನಲ್ಲಿ ಪಾವು ಹಂಚುವವನದೂ, ರಾತ್ರಿ ಚಹಾ ಮಾರುವವನದೂ ಇದೇ ಜಾತಿಯ ವಾಹನ. ಇವರಾರೂ ಸೈಕಲ್ಲನ್ನು ಅಂದಕ್ಕಾಗಿ ಆರಿಸಿಕೊಂಡವರಲ್ಲ. ಹೊಟ್ಟೆಪಾಡಿಗೆ ಹೊಂದಿದ್ದನ್ನು ಆರಿಸಿಕೊಂಡವರು.

ಈ ಜಾತಿಯ ಸೈಕಲ್ಲಿಗೆ ನಮ್ಮ ಮುಂಬಯಿಯೂ ಒಂದು ತವರುಮನೆ. ಹಿಂದ್ ಸೈಕಲ್ಸ್ ಕಾರ್ಖಾನೆ ಇಲ್ಲಿ ವರ್ಲಿಯಲ್ಲಿಯೇ ಇತ್ತು. 1980ರಲ್ಲಿ ಕೇಂದ್ರ ಸರಕಾರವು ಅದನ್ನೂ ಆಸನಸೋಲಿನ ಸೆನ್-ರ‍್ಯಾಲೆಯನ್ನೂ ಕಾನೂನು ಮಾಡಿ ರಾಷ್ಟ್ರೀಕರಿಸಿತು. ಆದರೂ ಅವು ಉಳಿಯಲಿಲ್ಲ. ಮದರಾಸಿನ ಅಂಬತ್ತೂರಿನಿಂದ ಹರ್ಕ್ಯುಲಿಸ್, ಸೋನಿಪತದಿಂದ ಅಟ್ಲಾಸ್, ಲೂಧಿಯಾನದಿಂದ ಹೀರೋ ಬರುತ್ತಿದ್ದವು. ಹೀರೋ ಕಂಪನಿಯು 1986ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಸೈಕಲ್ಲು ಮಾಡುವ ಸಂಸ್ಥೆಯೆಂದು ಗಿನ್ನೆಸ್ ದಾಖಲೆ ಸೇರಿತು.

ಎರಡನೆಯ ಸಲ ಒಂದು ರವಿವಾರ ಬೆಳಗಿನ ಜಾವದ ಗಾಡಿ ಹಿಡಿದು ಮರೀನ್ ಡ್ರೈವಿಗೆ ಹೋದೆವು. ಅಲ್ಲಿ ಹುಡುಗನ ಕಣ್ಣು ಅರಳಿತು. ಹೆಲ್ಮೆಟ್ಟು ತೊಟ್ಟ ತರುಣ ತರುಣಿಯರು ಬಾಣದಂತೆ ಸಾಗುತ್ತಿದ್ದರು. ಆ ನುಣುಪಾದ ರಸ್ತೆಯಲ್ಲಿ, ಆ ಹೊತ್ತಿನಲ್ಲಿ, ಅವರ ತೆಳುಟಯರಿನ ಸೈಕಲ್ಲುಗಳು ನಿಜಕ್ಕೂ ಚೆಂದ; ಇಲ್ಲವೆಂದರೆ ಸುಳ್ಳಾದೀತು. ಆದರೆ ಅವರು ಬೆಳಗಿನ ಎಂಟು ಗಂಟೆಯೊಳಗೆ ಮನೆ ಸೇರುವವರು. ನಮ್ಮ ಹುಡುಗ ದಿನವೂ ಕಾಲೇಜಿಗೆ ಹೋಗಬೇಕಾದದ್ದು ಪೇವರ್ ಕಲ್ಲುಗಳ, ಅಗೆದು ಮುಚ್ಚಿದ ಗುಂಡಿಗಳ ದಾರಿಯಲ್ಲಿ. ಮೇಲಾಗಿ ಈ ನಗರದಲ್ಲಿ ಸೈಕಲ್ಲಿಗೆ ಎಲ್ಲ ಬಾಗಿಲೂ ತೆರೆದಿಲ್ಲ. 2009ರಲ್ಲಿ ತೆರೆದ ಬಾಂದ್ರಾ-ವರ್ಲಿ ಸೇತುವೆಯ ಮೇಲೆ ಅದಕ್ಕೆ ಪ್ರವೇಶವಿಲ್ಲ. 2024ರಲ್ಲಿ ತೆರೆದ ಕೋಸ್ಟಲ್ ರೋಡಿನ ಮೇಲೂ ಇಲ್ಲ. ಸೈಕಲ್ಲಿನವನಿಗೆ ಉಳಿದದ್ದು ಬಸ್ಸು, ಲಾರಿ, ರಿಕ್ಷಾಗಳ ನಡುವಿನ ಹಳೆಯ ರಸ್ತೆಗಳೇ.

ಚೌಪಾಟಿ ದಾಟಿ ವಾಲ್ಕೇಶ್ವರದ ಏರಿನ ಬುಡಕ್ಕೆ ಬಂದಾಗ ನಾನು ನಿಂತೆ. ಆ ಜಾಗದಲ್ಲಿ ನಾನು ಯಾವಾಗಲೂ ಒಂದು ಕ್ಷಣ ನಿಲ್ಲುತ್ತೇನೆ. ಯಾಕೆಂದು ಮನೆಯಲ್ಲಿ ಯಾರಿಗೂ ಅದುವರೆಗೆ ಹೇಳಿರಲಿಲ್ಲ.

ನಾನೂ ನನ್ನ ದೊಡ್ಡಪ್ಪನ ಮಗನಾದ ಅಣ್ಣನೂ ಕುಂದಾಪುರದ ಕಡೆಯಿಂದ 1966ರಲ್ಲಿ ಈ ಊರಿಗೆ ಬಂದೆವು. ನನಗೆ ಹದಿನಾಲ್ಕು, ಅವನಿಗೆ ಹದಿನೇಳು. ಟ್ರಾಂ ಗಾಡಿಗಳು ನಿಂತು ಎರಡು ವರ್ಷವಾಗಿತ್ತು. ಹಗಲು ಒಂದು ಹೋಟೆಲಿನಲ್ಲಿ ಕೆಲಸ, ರಾತ್ರಿ ಕೋಟೆ ಭಾಗದ ಕನ್ನಡ ಶಾಲೆ. ಹಗಲೆಲ್ಲ ಟೇಬಲು ಒರೆಸಿದ ನಮ್ಮೂರ ಹುಡುಗರಿಗೆ ರಾತ್ರಿ ಅಕ್ಷರ ಕಲಿಸಿದ ಆ ಶಾಲೆಗಳ ಋಣ ನಮ್ಮ ಸಮಾಜದ ಮೇಲೆ ಎಷ್ಟಿದೆಯೆಂದು ಓದುಗ ಬಂಧುಗಳಿಗೆ ನಾನು ಹೇಳಬೇಕಾಗಿಲ್ಲ. ಅಣ್ಣ ನನಗಿಂತ ಜಾಣ. ಮೆಟ್ರಿಕಿಗೆ ಒಂದೇ ವರ್ಷ ಬಾಕಿ. ಸೈಕಲ್ಲಿದ್ದರೆ ಮಧ್ಯಾಹ್ನ ಬಂಗಲೆಗಳಿಗೆ ಊಟದ ಕ್ಯಾರಿಯರು ಮುಟ್ಟಿಸಿ ತಿಂಗಳಿಗೆ ಹದಿನೈದು ರೂಪಾಯಿ ಹೆಚ್ಚು ಸಿಗುತ್ತಿತ್ತು. ಕೂಡಿಟ್ಟ ನೂರಹತ್ತು ರೂಪಾಯಿ ಕೊಟ್ಟು ಅವನು ಒಂದು ಹಳೆಯ ಸೈಕಲ್ಲು ಕೊಂಡ. 24 ಇಂಚಿನ ಫ್ರೇಮಿನ ಎತ್ತರದ ಸೈಕಲ್ಲು. ಅಣ್ಣ ಆಳು ಗಿಡ್ಡ. ಸೀಟಿನ ಮೇಲೆ ಕೂತರೆ ಬೆರಳ ತುದಿಯೂ ನೆಲಕ್ಕೆ ತಾಗದು. ಮಾರಿದವನು, “ಬೆಳೆಯುವ ವಯಸ್ಸು, ಬರುವ ವರ್ಷಕ್ಕೆ ಸರಿಯಾಗುತ್ತದೆ” ಎಂದನಂತೆ.

ಬರುವ ವರ್ಷದವರೆಗೆ ಕಾಯುವ ಪ್ರಸಂಗ ಬರಲಿಲ್ಲ. 1967ರ ಜುಲೈಯಲ್ಲಿ ಒಂದು ಮಧ್ಯಾಹ್ನ ಧಾರಾಕಾರ ಮಳೆ. ಅಣ್ಣ ಮಲಬಾರ ಹಿಲ್ಲಿನ ಮೇಲೆ ಊಟ ಕೊಟ್ಟು ಇದೇ ಇಳಿಜಾರಿನಲ್ಲಿ ಬರುತ್ತಿದ್ದ. ಉಕ್ಕಿನ ರಿಮ್ಮು ನೆನೆದರೆ ಬ್ರೇಕಿನ ರಬ್ಬರು ಅದನ್ನು ಸುಲಭವಾಗಿ ಹಿಡಿಯದು. ಅವನ ಬ್ರೇಕಿನ ರಬ್ಬರೋ ಸವೆದಿತ್ತು. ಎದುರಿಗೆ ಬಂದ ಮೋಟಾರು ನೋಡಿ ಬ್ರೇಕು ಒತ್ತಿದ, ಗಾಲಿ ನಿಲ್ಲಲಿಲ್ಲ. ಕಾಲು ಊರಿ ನಿಲ್ಲಿಸೋಣವೆಂದರೆ ಕಾಲಿಗೆ ನೆಲ ಸಿಗಲಿಲ್ಲ. ತೊಡೆಯ ಮೂಳೆ ಮುರಿಯಿತು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಊರಿಗೆ ಹೋದವನು ಮತ್ತೆ ಮುಂಬಯಿಗೆ ಬರಲಿಲ್ಲ. ಮೆಟ್ರಿಕ್ ಅಲ್ಲಿಗೇ ನಿಂತಿತು. ನಾನು ಓದಿದೆ, ಬ್ಯಾಂಕಿನ ಕೆಲಸ ಹಿಡಿದೆ, ಮುಲುಂಡದಲ್ಲಿ ಮನೆ ಮಾಡಿದೆ. ಅವನ ಪುಸ್ತಕಗಳಲ್ಲೇ ನಾನು ಓದಿದ್ದು.

ಮೊಮ್ಮಗ ಏನೂ ಮಾತಾಡಲಿಲ್ಲ. ಗಾಡಿಯಲ್ಲಿ ಮರಳುವಾಗ ಘಾಟಕೋಪರ ದಾಟಿದ ಮೇಲೆ, “ದೊಡ್ಡಜ್ಜ ಈಗ ಸೈಕಲ್ಲು ಓಡಿಸುತ್ತಾರಾ?” ಎಂದು ಕೇಳಿದ. ಓಡಿಸುವುದೇನು, ಊರಿನಲ್ಲಿ ಸೈಕಲ್ ರಿಪೇರಿಯ ಅಂಗಡಿಯನ್ನೇ ಇಟ್ಟು ಮಕ್ಕಳನ್ನು ಓದಿಸಿದವನು ಅವನು ಎಂದೆ. ಬಾಡಿಗೆ ಸೈಕಲ್ಲು ಕೇಳಿ ಬಂದ ಪ್ರತಿ ಹುಡುಗನನ್ನೂ ಸೀಟಿನ ಮೇಲೆ ಕೂರಿಸಿ, ಕಾಲು ತಾಗದಿದ್ದರೆ ಚಿಕ್ಕ ಸೈಕಲ್ಲು ಕೊಟ್ಟೇ ಕಳುಹುತ್ತಿದ್ದನಂತೆ.

ಮೂರನೆಯ ಸಲ ಬೋರಿವಲಿಯ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಬಾಗಿಲ ಬಳಿ ಸೈಕಲ್ಲು ಬಾಡಿಗೆಗೆ ಸಿಗುತ್ತದೆ. ಅಲ್ಲಿಂದ ಕಾನ್ಹೇರಿಯ ಗುಹೆಗಳಿಗೆ ಆರೇಳು ಕಿಲೊಮೀಟರು, ಮರಗಳ ನೆರಳಿನ ದಾರಿ, ಕೊನೆಗೆ ಏರು. ಹುಡುಗ ಸೈಕಲ್ಲಿನಲ್ಲಿ, ನಾನು ಬಸ್ಸಿನಲ್ಲಿ. ಅವನಿಗೆ ಅಲ್ಲಿ ಎರಡು ಸಂಗತಿ ತಿಳಿದವು: ಏರಿನಲ್ಲಿ ಗೇರು ಎಷ್ಟು ಉಪಕಾರಿ ಎಂಬುದೊಂದು, ಇಪ್ಪತ್ತೊಂದು ಗೇರಿದ್ದರೂ ತನ್ನ ಕಾಲು ಬಳಸಿದ್ದು ನಾಲ್ಕೈದನ್ನೇ ಎಂಬುದೊಂದು. ಒಂದು ವಾರ ಬಿಟ್ಟು ಮಾರ್ವೆಯಿಂದ ದೋಣಿಯಲ್ಲಿ ಸೈಕಲ್ಲು ಹೇರಿಕೊಂಡು ಮನೋರಿಗೆ ಹೋದ ಒಬ್ಬ ಗೆಳೆಯನ ಜೊತೆ ತಾನೂ ಹೋಗಿಬಂದ. ತೆಂಗಿನ ಮರ, ಹೆಂಚಿನ ಮನೆ, ಸಮುದ್ರ, ನಮ್ಮೂರೇ ಅಜ್ಜ ಎಂದ.

ಇಷ್ಟು ನೋಡಿದ ಮೇಲೆ ನಾವಿಬ್ಬರೂ ಕೂತು ಒಂದು ಕಾಗದದಲ್ಲಿ ಬರೆದುಕೊಂಡದ್ದನ್ನು, ಮಕ್ಕಳಿಗೆ ಸೈಕಲ್ಲು ಕೊಡಿಸುವ ಬೇರೆ ಮನೆಯವರಿಗೂ ಉಪಯೋಗವಾದೀತೆಂದು ಇಲ್ಲಿ ಕೊಡುತ್ತೇನೆ.

ಮೊದಲನೆಯದು ದೇಹ. ಅಡ್ಡಪಟ್ಟಿಯನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು ನಿಂತರೆ ಎರಡೂ ಪಾದ ಪೂರ್ತಿ ನೆಲಕ್ಕೂರಬೇಕು. ಮೇಲೆ ಎರಡು ಮೂರು ಬೆರಳಿನಷ್ಟು ಎಡೆಯೂ ಉಳಿಯಬೇಕು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟರೆ ಕಾಲು ನೇರವಾಗಬೇಕು. ಹೊಸದಾಗಿ ಕಲಿಯುವವರು ಸೀಟನ್ನು ಇನ್ನೂ ತುಸು ಇಳಿಸಿಕೊಳ್ಳಲಿ.

ಎರಡನೆಯದು ದಾರಿ. ಮುಂಬಯಿ ಬಹುಮಟ್ಟಿಗೆ ಸಮತಟ್ಟು. ಮಲಬಾರ ಹಿಲ್ಲು, ಪೆಡ್ಡರ್ ರೋಡು, ಪಾಲಿ ಹಿಲ್ಲು, ನಮ್ಮ ಮುಲುಂಡದ ಯೋಗಿ ಹಿಲ್ಲುಗಳಂಥ ಏರು ಕಡಮೆ. ಏಳು ಗೇರು ಧಾರಾಳವಾಯಿತು. ಟಯರು ಮಾತ್ರ 35ರಿಂದ 40 ಮಿಲಿಮೀಟರ್ ಅಗಲವಿದ್ದರೆ ಗುಂಡಿಗಳಿಗೆ ಅಷ್ಟಾಗಿ ಹೆದರಬೇಕಾಗಿಲ್ಲ. ಅಗ್ಗದ ಸೈಕಲ್ಲಿನ ಸ್ಪ್ರಿಂಗು ತೂಕ ಹೆಚ್ಚಿಸುವುದಲ್ಲದೆ ಹೆಚ್ಚು ಸುಖ ಕೊಡದು.

ಮೂರನೆಯದು ಮಳೆ. ನಾಲ್ಕು ತಿಂಗಳು ನೆನೆಯುವ ಊರಿದು. ಅಲ್ಯುಮಿನಿಯಮ್ ರಿಮ್ಮು ಅಥವಾ ಡಿಸ್ಕ್ ಬ್ರೇಕು, ಎರಡು ಮಡ್‌ಗಾರ್ಡು, ಇವಿಲ್ಲದೆ ಜೂನ್ ತಿಂಗಳಿಗೆ ಕಾಲಿಡಬಾರದು. ಕಡಲ ಉಪ್ಪುಗಾಳಿಗೆ ಚೈನು ಬೇಗ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಒರೆಸಿ ಎಣ್ಣೆ ಬಿಡಬೇಕು.

ನಾಲ್ಕನೆಯದು ಮನೆ. ಲಿಫ್ಟಿಲ್ಲದ ಚಾಳಿನ ಮೂರನೆಯ ಮಾಳಿಗೆಗೆ ಇಪ್ಪತ್ತು ಕಿಲೊ ಹೊತ್ತುಕೊಂಡು ಹೋಗುವುದು ಮೊದಲ ವಾರ ಉತ್ಸಾಹ, ಎರಡನೆಯ ವಾರ ಶಿಕ್ಷೆ. ಅಂಥವರಿಗೆ ಮಡಚುವ ಸೈಕಲ್ಲು ಲೇಸು. ವಯಸ್ಸಾದವರು ವಿದ್ಯುತ್ ಸೈಕಲ್ಲನ್ನೂ ನೋಡಬಹುದು. ಮೋಟಾರು 250 ವ್ಯಾಟ್, ವೇಗ ಗಂಟೆಗೆ 25 ಕಿಲೊಮೀಟರ್ ಮೀರದಿದ್ದರೆ ನೋಂದಣಿ ಬೇಡ.

ಐದನೆಯದು ಸ್ವಭಾವ. ಇದನ್ನು ಹುಡುಗನೇ ಬರೆದ: “ನಾನು ರವಿವಾರ ಮಾತ್ರ ಓಡುವವನೋ, ದಿನವೂ ಹೋಗುವವನೋ?” ಪ್ರಶ್ನೆ ಸಣ್ಣದು, ಆದರೆ ನಲವತ್ತು ಸಾವಿರದ ಆಸೆ ಅದರಿಂದಲೇ ಕರಗಿತು.

ಆರನೆಯದು ಹಣ. ಎಲ್ಲವನ್ನೂ ಸೈಕಲ್ಲಿಗೇ ಸುರಿಯದೆ ಹೆಲ್ಮೆಟ್ಟು, ಬೀಗ, ಮುಂದಿನ ಹಿಂದಿನ ದೀಪಗಳಿಗೆ ಒಂದು ಪಾಲು ಉಳಿಸಬೇಕು. 2025ರ ಸೆಪ್ಟೆಂಬರದಲ್ಲಿ ಸೈಕಲ್ಲಿನ ಮೇಲಿನ ತೆರಿಗೆಯು ಶೇಕಡಾ 12ರಿಂದ 5ಕ್ಕೆ ಇಳಿಯಿತು. ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ.

ಅಂಗಡಿಗೆ ಹೋದೆವು. ಹುಡುಗ ಮೆಚ್ಚಿದ ಸೈಕಲ್ಲು, ಸಪಾಟು ಹ್ಯಾಂಡಲು, ಮಧ್ಯಮ ಟಯರು, ಡಿಸ್ಕ್ ಬ್ರೇಕು, ಹದಿನಾರು ಸಾವಿರ. ಆದರೆ ಅವನ ಅಳತೆಯದು ಮುಗಿದಿತ್ತು. ಉಳಿದದ್ದು ಒಂದು ಅಳತೆ ದೊಡ್ಡದು. ಅಂಗಡಿಯಾತ ನಗುತ್ತ ಹೇಳಿದ: “ಬೆಳೆಯುವ ಹುಡುಗ ಸಾಹೇಬರೇ, ಬರುವ ವರ್ಷಕ್ಕೆ ಸರಿಹೋಗುತ್ತದೆ.” ಐವತ್ತೆಂಟು ವರ್ಷಗಳಿಗೂ ಮೇಲಾಗಿತ್ತು, ಅದೇ ಮಾತು! ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗ ಅಡ್ಡಪಟ್ಟಿಯ ಮೇಲಿಂದ ಇಳಿದು, “ಬೇಡ, ಕಾಯುತ್ತೇನೆ” ಎಂದ. ಹದಿನೈದು ದಿನ ಕಾದ. ಹದಿನಾರು ವರ್ಷದ ಹುಡುಗನಿಗೆ ಹದಿನೈದು ದಿನವೆಂದರೆ ಎಷ್ಟೆಂದು ಮಕ್ಕಳಿದ್ದವರಿಗೆ ಗೊತ್ತು.

ಉಳಿದ ಹಣದಲ್ಲಿ ಎರಡು ಸಾವಿರಕ್ಕೆ ಹೆಲ್ಮೆಟ್ಟು, ಬೀಗ, ದೀಪ ಬಂದವು. ಇನ್ನುಳಿದ ಏಳು ಸಾವಿರಕ್ಕೆ, ಹುಡುಗನದೇ ಸಲಹೆಯಂತೆ, ಅಡ್ಡಪಟ್ಟಿಯಿಲ್ಲದ ಒಂದು ಸಾದಾ ಲೇಡೀಸ್ ಸೈಕಲ್ಲು ಕೊಂಡೆವು. ಸ್ಟೇಶನ್ನಿಗೆ ದಿನವೂ ರಿಕ್ಷಾದ ಸಾಲಿನಲ್ಲಿ ನಿಲ್ಲುವ ಅವನ ಅಮ್ಮನಿಗೆ. ಬೇಡ ಬೇಡವೆಂದವಳು ಈಗ ನಸುಕಿನಲ್ಲಿ ಸೊಸೈಟಿಯ ಅಂಗಳದಲ್ಲಿ ಮಗನಿಂದಲೇ ಕಲಿಯುತ್ತಿದ್ದಾಳೆ. ಮಗನು ಮನೆಗೆ ಮರಳುವವರೆಗಿನ ಚಿಂತೆಯೂ, ದಾರಿ ತಾನೇ ತಿಳಿದಂತೆಲ್ಲ, ತುಸು ಕಡಮೆಯಾಗಿದೆಯಂತೆ.

ಸೈಕಲ್ಲು ಮನೆಗೆ ಬಂದ ಸಂಜೆ ಊರಿಗೆ ಫೋನು ಮಾಡಿದೆವು. ಮೊಮ್ಮಗ ಗೇರು, ಬ್ರೇಕು, ಬಣ್ಣ ಎಲ್ಲವನ್ನೂ ಒಂದೇ ಉಸಿರಿಗೆ ವರ್ಣಿಸಿದ. ಎಪ್ಪತ್ತಾರರ ಅಣ್ಣ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದ: “ಅದೆಲ್ಲ ಇರ್ಲಿ ಮಾಣಿ, ಕಾಲ್ ನೆಲಕ್ಕ್ ತಾಗತ್ತಾ?”

“ತಾಗುತ್ತದೆ ದೊಡ್ಡಜ್ಜ, ಎರಡೂ ತಾಗುತ್ತವೆ” ಎಂದ ಹುಡುಗ.

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, “ಹಾಂಗಾರೆ ಎಲ್ಲಿಗ್ ಬೇಕಾರೂ ಹೋಗ್” ಎಂಬ ದನಿ ಕೇಳಿಸಿತು.