ನೋಡೋಕೆ ಬರ್ತಿದ್ದಾರೆ

"ಸಾರ್, ಪಾರ್ಟಿ ಹನ್ನೊಂದಕ್ಕಲ್ಲ, ಹತ್ತೂವರೆಗೇ ಬರ್ತಿದ್ದಾರೆ. ಕಾರ್ ಹತ್ತಿಯಾಯ್ತು."

ಬ್ರೋಕರ್ ಫೋನು ಇಟ್ಟುಬಿಡುತ್ತಾನೆ. ನಿಮ್ಮ ಕೈಯಲ್ಲಿ ಕೊಬ್ಬರಿ ಎಣ್ಣೆ ಅದ್ದಿದ ಬಟ್ಟೆ, ಮಂಡಿಯ ಕೆಳಗೆ ರೆಡ್ ಆಕ್ಸೈಡ್ ನೆಲ. ನಡುಮನೆಯ ಅರ್ಧಭಾಗ ಮುಖ ಕಾಣುವಷ್ಟು ಹೊಳೆಯುತ್ತಿದೆ, ಉಳಿದರ್ಧ ಮಂಕಾಗಿ ಕಾಯುತ್ತಿದೆ. ಸೊಂಟ ಹಿಡಿದುಕೊಂಡಿದೆ. ಎದ್ದು ನಿಂತರೆ ಎಣ್ಣೆಗಾಲು ಜಾರುತ್ತದೆ. ಬಾಗಿಲುವಾಡ ಹಿಡಿದು ಬಚಾವಾಗುತ್ತೀರಿ. ಬಂದವರಲ್ಲಿ ವಯಸ್ಸಾದವರು ಇದ್ದರೆ? ಎಣ್ಣೆ ಒರೆಸಬೇಕು. ಒರೆಸಿದರೆ ಹೊಳಪು ಹೋಗುತ್ತದೆ. ಒರೆಸುತ್ತೀರಿ.

ಬೆಂಗಳೂರಿನ ಹನುಮಂತನಗರದ 30-40 ಸೈಟು. ಅಪ್ಪ 1978ರಲ್ಲಿ ಕಟ್ಟಿಸಿದ ಮನೆ, ಪೂರ್ವ ಬಾಗಿಲು. ಸಂಪು ಈಶಾನ್ಯಕ್ಕಿದೆ, ಒಲೆ ಆಗ್ನೇಯಕ್ಕಿದೆ. ಬ್ರೋಕರ್ ಅದನ್ನು ಮೊದಲ ದಿನವೇ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ. ಆಮೇಲೆ ಗೋಡೆ ನೋಡಿ ತಲೆ ಕೆರೆದುಕೊಂಡಿದ್ದ. "ಹಾರ ಹಾಕಿರೋ ಫೋಟೋ ತೆಗೆದಿಡಿ ಸಾರ್. ನೋಡೋರಿಗೆ ಒಂಥರಾ ಆಗುತ್ತೆ."

ಅಪ್ಪ ಅಮ್ಮ ಈಗ ಬೀರುವಿನೊಳಗೆ, ಬೆಡ್‌ಶೀಟುಗಳ ನಡುವೆ ಇದ್ದಾರೆ. ಗೋಡೆಯಲ್ಲಿ ಎರಡು ಮೊಳೆ ಉಳಿದಿವೆ. ಕೀಳಲು ಹೋದರೆ ಗಾರೆ ಉದುರುತ್ತದೆ, ಬಿಟ್ಟರೆ ಕಣ್ಣಿಗೆ ಹೊಡೆಯುತ್ತದೆ. ಒಂದಕ್ಕೆ ಕ್ಯಾಲೆಂಡರ್ ನೇತುಹಾಕುತ್ತೀರಿ. ಇನ್ನೊಂದಕ್ಕೆ ಏನೂ ಸಿಗುವುದಿಲ್ಲ.

"ವಾಸನೆ ಬರ್ತಿದೆಯಾ?" ಹೆಂಡತಿ ಬಚ್ಚಲಿನಿಂದ ಕೂಗುತ್ತಾಳೆ. ಸ್ವಂತ ಮನೆಯ ವಾಸನೆ ಮನೆಯವರ ಮೂಗಿಗೆ ಹತ್ತುವುದಿಲ್ಲ. ಹಾಗಾಗಿ ಗೇಟಿನಾಚೆ ಹೋಗಿ, ಬೀದಿಯ ಗಾಳಿ ಎಳೆದುಕೊಂಡು, ಪರರಂತೆ ಒಳಗೆ ಬರುತ್ತೀರಿ. ಫಿನಾಯಿಲ್, ಹಸಿ ಬಣ್ಣ, ಬೆಳಗಿನ ಇಂಗಿನ ಒಗ್ಗರಣೆ. ಎಲ್ಲದರ ತಳದಲ್ಲಿ, ಒದ್ದೆ ಗೋಣಿಚೀಲದ್ದೊಂದು ವಾಸನೆ.

ಅದು ಹಿಂದಿನ ಕೋಣೆಯ ಗೋಡೆ. ಪಾಯದ ತೇವ ಇಟ್ಟಿಗೆ ಹಿಡಿದು ಮೇಲೇರುತ್ತದೆ. ನೀರು ಆರಿದರೂ ಉಪ್ಪು ಉಳಿದು ಬಣ್ಣವನ್ನು ಒಳಗಿನಿಂದ ಹೊರದಬ್ಬುತ್ತದೆ. ಪೇಂಟರ್ ಹೋದ ವಾರ ಹೆರೆದು, ಪುಟ್ಟಿ ಬಳಿದು, ಎರಡು ಕೋಟ್ ಹೊಡೆದು ಹೋದ. "ಮಳೆಗಾಲದ ತನಕ ಗ್ಯಾರಂಟಿ ಸಾರ್" ಎಂದ, ಕಣ್ಣು ತಪ್ಪಿಸಿ. ಅಂಗೈ ಇಡುತ್ತೀರಿ. ತಣ್ಣಗಿದೆ. ಬೀರುವನ್ನು ಅದರ ಮುಂದಕ್ಕೆ ಎಳೆದರೆ ಯಾರಿಗೂ ಕಾಣದು. ಆದರೆ ವಕೀಲ ಗೆಳೆಯನ ಮಾತು ಕಿವಿಯಲ್ಲಿದೆ: 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ. ಕೊಳ್ಳುವವನು ಸಾಧಾರಣ ಎಚ್ಚರದಿಂದ ನೋಡಿದರೂ ಕಾಣದ, ನಿಮಗೆ ಮಾತ್ರ ಗೊತ್ತಿರುವ ದೊಡ್ಡ ದೋಷವನ್ನು ಮುಚ್ಚಿಡುವಂತಿಲ್ಲ. ಬೀರುವಿನ ಅಂಚಿಗೆ ಭುಜ ಕೊಡುತ್ತೀರಿ. ಅದು ಕಿರ್ರೆನ್ನುತ್ತದೆ. ಒಳಗೆ ಫೋಟೋದ ಗಾಜು ಟಣ್ಣೆನ್ನುತ್ತದೆ. ನಿಲ್ಲಿಸುತ್ತೀರಿ.

ಗೇಟಿನ ಚಿಲಕ. ಬಂದೇಬಿಟ್ಟರು!

ಮೂವತ್ತರ ಆಚೀಚೆಯ ಹುಡುಗ, ಅವನ ತಾಯಿ, ಹಿಂದೆ ಬ್ರೋಕರ್. ತಾಯಿ ಚಪ್ಪಲಿ ಬಿಟ್ಟು ಬಲಗಾಲಿಟ್ಟು ಬರುತ್ತಾರೆ. ದೇವರಮನೆ, ಅಡುಗೆಮನೆ, ನಲ್ಲಿ ತಿರುಗಿಸಿ ನೋಡುತ್ತಾರೆ. "ಕಾವೇರಿ ನೀರು ದಿನಾ ಬರುತ್ತಾ?" ನಿಮ್ಮ ಉತ್ತರ ಮುಗಿಯುವಷ್ಟರಲ್ಲಿ ಅವರು ಹಿಂದಿನ ಕೋಣೆಯಲ್ಲಿದ್ದಾರೆ. ಮೂಗು ಅರಳಿತು. ಗೋಡೆ ಹತ್ತಿರ ಹೋದರು. ಕೈ ಎತ್ತಿದರು. ಉಗುರು ಒತ್ತಿದರು. ಹೊಸ ಬಣ್ಣ ಸಿಪ್ಪೆಯಂತೆ ಎದ್ದಿತು.

ಗಂಟಲು ಒಣಗಿದೆ. ಬ್ರೋಕರ್ ಕಣ್ಣಲ್ಲೇ ಬೇಡ ಎನ್ನುತ್ತಿದ್ದಾನೆ.

"ಅಲ್ಲಿ ತೇವ ಬರುತ್ತಮ್ಮಾ. ಹೋದ ವಾರ ಮೇಲೆ ಬಣ್ಣ ಹೊಡೆಸಿದ್ದೀನಿ."

ಹುಡುಗ ಮೊಬೈಲಿನಿಂದ ತಲೆ ಎತ್ತುತ್ತಾನೆ. "ಇರ್ಲಿ ಬಿಡಿ ಅಂಕಲ್, ಹೇಗಿದ್ರೂ ಒಡೆಸ್ತೀವಿ. ಕೆಳಗೆ ಪಾರ್ಕಿಂಗ್, ಮೇಲೆ ಮೂರು ಫ್ಲೋರ್. ರಸ್ತೆ ಎಷ್ಟಡಿ ಬರುತ್ತೆ?"

ಎದೆಯಿಂದ ಕಲ್ಲು ಇಳಿಯುತ್ತದೆ, ಇಳಿದದ್ದು ನೇರ ಹೊಟ್ಟೆಗೆ ಬೀಳುತ್ತದೆ. ನಲವತ್ತು ವರ್ಷ ದಾಟಿದ ಮನೆಗೆ ಈ ಬಡಾವಣೆಯಲ್ಲಿ ಯಾರೂ ಬೆಲೆ ಕಟ್ಟುವುದಿಲ್ಲ. ಲೆಕ್ಕವೆಲ್ಲ 1,200 ಚದರಡಿ ಮಣ್ಣಿಗೆ. ಬ್ರೋಕರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿದ್ದೂ ಬಣ್ಣ ಹೊಡೆಸಿದನೆಂದರೆ, ಪೇಂಟರ್ ಕೂಡ ಅವನ ಕಡೆಯವನೇ ಎಂಬುದು ಈಗ ನೆನಪಾಗುತ್ತದೆ.

"ಪೇಪರ್ಸ್ ನೋಡಬಹುದಾ ಅಂಕಲ್?"

ಫೈಲು ಸಿದ್ಧವಿದೆ. ತಾಯಿಪತ್ರ, ಇಸಿ, ಕಂದಾಯದ ರಸೀದಿ. ಇ-ಖಾತಾ ಇಲ್ಲದೆ 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ನೋಂದಣಿಯೇ ಇಲ್ಲ. ಅದನ್ನೂ ಅಲೆದಾಡಿ ಮಾಡಿಸಿದ್ದೀರಿ. ಹುಡುಗ ಹಾಳೆ ತಿರುವುತ್ತಾನೆ. ಒಡೆಯುವ ಮನೆಯ ಗೋಡೆಗೆ ತೋರದ ಗಮನ ಇಲ್ಲಿದೆ. ಬೆರಳು ವಂಶವೃಕ್ಷದ ಮೇಲೆ ನಿಲ್ಲುತ್ತದೆ.

"ಎರಡು ಹೆಸರಿದೆಯಲ್ಲ. ತಂಗಿಯವರಾ? ಅವರೂ ಸೈನ್‌ಗೆ ಬರ್ತಾರಲ್ವಾ?"

ಅಪ್ಪ ವಿಲ್ ಬರೆದಿಡಲಿಲ್ಲ, ಅಮ್ಮನೂ ಬರೆಯಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ನಿಮ್ಮಿಬ್ಬರದೂ ಸಮಪಾಲು. ನೀವೊಬ್ಬರೇ ಸಹಿ ಹಾಕಿದರೆ ಮಾರಾಟವಾಗುವುದು ನಿಮ್ಮ ಅರ್ಧ ಮಾತ್ರ. ಬೇಡ ಅನ್ನುವವಳಲ್ಲ ಎಂದುಕೊಂಡೇ ಇಷ್ಟು ದಿನ ನೂಕಿದ್ದೀರಿ.

"ಬರ್ತಾಳೆ" ಎನ್ನುತ್ತೀರಿ. "ಒಂದ್ನಿಮಿಷ."

ಹಿತ್ತಿಲಿಗೆ ಹೋಗಿ ನಂಬರು ಒತ್ತುತ್ತೀರಿ. ಬೆರಳಿನ ಎಣ್ಣೆಗೆ ಫೋನು ಜಾರುತ್ತದೆ. ಎರಡನೇ ರಿಂಗಿಗೇ ಎತ್ತುತ್ತಾಳೆ.

"ಹೇಳಣ್ಣ. ಮನೆಗೆ ಬಣ್ಣ ಹೊಡೆಸಿದ್ದೀಯಂತೆ, ಪಕ್ಕದ್ಮನೆಯವರು ಹೇಳಿದ್ರು. ಯಾರ ಮದುವೆ?"