ಅರುವತ್ತರಲ್ಲಿ ಅಕ್ಷರಾಭ್ಯಾಸ

ಮೈಸೂರನ್ನು ನೋಡಬಂದವರು ಅರಮನೆಯನ್ನು ನೋಡುತ್ತಾರೆ, ಮೃಗಾಲಯವನ್ನು ನೋಡುತ್ತಾರೆ, ಚಾಮುಂಡಿಬೆಟ್ಟಕ್ಕೆ ಮೋಟಾರಿನಲ್ಲಿ ಹೋಗಿ ದೇವಿಯ ದರ್ಶನ ಮಾಡಿಕೊಂಡು ಸಂಜೆಯ ರೈಲಿಗೆ ಹಿಂದಿರುಗುತ್ತಾರೆ. ನಾವಾದರೋ ಈ ಊರಿನಲ್ಲಿ ೩೫ ವರ್ಷ ಸಂಸ್ಕೃತದ ಉಪಾಧ್ಯಾಯರಾಗಿ ಕಾಲ ಕಳೆದೆವು. ಮನೆಯಿಂದ ಪಾಠಶಾಲೆ, ಪಾಠಶಾಲೆಯಿಂದ ಮನೆ: ಇಷ್ಟೇ ನಮ್ಮ ಭೂಗೋಳ. ಊರನ್ನು ನಾವು ನಿಜವಾಗಿ ನೋಡಿದುದು ನಿವೃತ್ತರಾದ ಮೇಲೆ. ಅದೂ ನೀರಿನೊಳಗಿನಿಂದ ಒಮ್ಮೆ, ಬೈಸಿಕಲ್ಲಿನ ಮೇಲಿನಿಂದ ಒಮ್ಮೆ, ಓಡುತ್ತ ಒಮ್ಮೆ ಎಂದರೆ ವಾಚಕರು ನಗಬಹುದು. ನಗಲಿ. ನಮ್ಮ ಮನೆಯಲ್ಲಿಯೇ ಮೊದಲು ನಕ್ಕರು.

ಆದುದಿಷ್ಟು. ರಕ್ತದಲ್ಲಿ ಸಕ್ಕರೆಯ ಅಂಶ ಸ್ವಲ್ಪ ಹೆಚ್ಚಿದೆಯೆಂದೂ ದಿನವೂ ನಡೆಯಬೇಕೆಂದೂ ವೈದ್ಯರು ಹೇಳಿದರು. ಬೆಂಗಳೂರಿನಿಂದ ಬಂದಿದ್ದ ನಮ್ಮ ಅಳಿಯಂದಿರು, “ಬರಿಯ ನಡಿಗೆಯೇಕೆ ಮಾವ? ಈಜು, ಬೈಸಿಕಲ್ಲು, ಓಟ ಮೂರನ್ನೂ ನಿಧಾನವಾಗಿ ಕಲಿಯಿರಿ. ಒಂದು ವರ್ಷದಲ್ಲಿ ನೀವೂ ಒಂದು ಸಣ್ಣ ಟ್ರಯಥ್ಲಾನ್ ಮುಗಿಸಬಹುದು” ಎಂದರು, ಎಂದುದು ಮಾತ್ರವಲ್ಲದೆ ತಮ್ಮ ಹಳೆಯ ಬೈಸಿಕಲ್ಲನ್ನೂ ನಮ್ಮ ಜಗುಲಿಯಲ್ಲಿ ಬಿಟ್ಟುಹೋದರು. ನಮ್ಮ ಗೃಹಿಣಿ ಅದನ್ನೊಮ್ಮೆ ನಮ್ಮನ್ನೊಮ್ಮೆ ನೋಡಿ, “ಅರುವತ್ತಕ್ಕೆ ಅರಳುಮರಳು ಅನ್ನೋದು ಬರೀ ಗಾದೆ ಅಂದುಕೊಂಡಿದ್ದೆ” ಎಂದು ಒಳಗೆ ಹೋದಳು.

ಟ್ರಯಥ್ಲಾನ್ ಎಂಬುದು ಗ್ರೀಕ್ ಮೂಲದ ಶಬ್ದ. ಅದರ ‘ತ್ರಿ’ ನಮ್ಮ ಸಂಸ್ಕೃತದ ‘ತ್ರಿ’ಯ ಒಡಹುಟ್ಟೇ, ‘ಆಥ್ಲೋನ್’ ಎಂದರೆ ಪಂದ್ಯದಲ್ಲಿ ಗೆಲ್ಲುವ ಬಹುಮಾನ. ಶಬ್ದ ಪುರಾತನವೆಂದು ತೋರಿದರೂ ಆಟ ನಮಗಿಂತ ಚಿಕ್ಕದು. ೧೯೭೪ನೆಯ ಇಸವಿ ಸೆಪ್ಟೆಂಬರ್ ೨೫ರ ಸಂಜೆ, ಅಮೆರಿಕೆಯ ಸ್ಯಾನ್ ಡಿಯಾಗೋ ನಗರದ ಮಿಷನ್ ಬೇ ಎಂಬ ಕೊಲ್ಲಿಯ ದಡದಲ್ಲಿ ೪೬ ಮಂದಿ ಸೇರಿ ಈ ಹೆಸರಿನ ಮೊದಲ ಪಂದ್ಯವನ್ನು ನಡೆಸಿದರು. ಹವಾಯಿಯ ಒವಾಹು ದ್ವೀಪದಲ್ಲಿ, ಈಜುವವನು ಗಟ್ಟಿಯೋ ಓಡುವವನು ಗಟ್ಟಿಯೋ ಬೈಸಿಕಲ್ಲು ತುಳಿಯುವವನು ಗಟ್ಟಿಯೋ ಎಂಬ ಚರ್ಚೆ ಹುಟ್ಟಿ, ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿ ಮೂರನ್ನೂ ಒಂದೇ ದಿನ ಮಾಡಿ ತೋರಿಸೋಣವೆಂದರು. ೩.೮ ಕಿಲೋಮೀಟರು ಈಜು, ೧೮೦ ಕಿಲೋಮೀಟರು ಬೈಸಿಕಲ್ಲು, ಅದಾದ ಮೇಲೆ ೪೨ ಕಿಲೋಮೀಟರಿನ ಓಟ! ೧೯೭೮ರ ಫೆಬ್ರವರಿಯಲ್ಲಿ ಹೊರಟವರು ೧೫ ಮಂದಿ, ಮುಗಿಸಿದವರು ೧೨. ೨೦೦೦ನೆಯ ಇಸವಿಯಲ್ಲಿ ಸಿಡ್ನಿಯ ಒಲಿಂಪಿಕ್ಸಿನಲ್ಲಿ ಈ ಕ್ರೀಡೆಗೆ ಸ್ಥಾನ ದೊರೆಯಿತು. ಅಲ್ಲಿನ ಅಳತೆ ೧.೫, ೪೦, ೧೦ ಕಿಲೋಮೀಟರುಗಳು. ಅದರ ಅರ್ಧದಷ್ಟು, ಅಂದರೆ ೭೫೦ ಮೀಟರು, ೨೦ ಕಿಲೋಮೀಟರು, ೫ ಕಿಲೋಮೀಟರುಗಳ ಪಂದ್ಯವೂ ಉಂಟು. ನಾವು ಆಸೆಪಟ್ಟುದು ಈ ಕೊನೆಯದಕ್ಕೆ. ಮಡೋನಾ ಬ್ಯೂಡರ್ ಎಂಬ ಅಮೆರಿಕೆಯ ಸಂನ್ಯಾಸಿನಿಯೊಬ್ಬರು ತಮ್ಮ ೮೨ನೆಯ ವಯಸ್ಸಿನಲ್ಲಿ, ೨೦೧೨ರಲ್ಲಿ, ಆ ದೊಡ್ಡ ಅಳತೆಯನ್ನೇ ಮುಗಿಸಿದರೆಂದು ಓದಿದ ಮೇಲೆ ವಯಸ್ಸಿನ ನೆಪ ಹೇಳಲು ನಮಗೆ ನಾಚಿಕೆಯಾಯಿತು.

ಹೃದಯವನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿಕೊಂಡು ಅನುಮತಿ ಪಡೆದು ಮೊದಲು ಈಜುಕೊಳಕ್ಕೆ ಹೋದೆವು. ನಾವು ಹುಟ್ಟಿದುದು ಮಳೆ ಕಡಮೆಯಾದ ಸೀಮೆಯಲ್ಲಿ. ಸೊಂಟ ಮುಳುಗುವಷ್ಟು ನೀರನ್ನು ಬಾಲ್ಯದಲ್ಲಿ ಕಂಡವರಲ್ಲ. ಈಜು ಬಾರದವರೆಲ್ಲ ಆಳವಿಲ್ಲದ ಕಡೆಯಲ್ಲಿ ನಿಲ್ಲಬೇಕು. ಅಲ್ಲಿ ನಮ್ಮ ಸಹಪಾಠಿಗಳೆಂದರೆ ಆರೇಳು ವರ್ಷದ ಎಂಟು ಮಕ್ಕಳು. ಗುರುಗಳು ಇಪ್ಪತ್ತೈದು ದಾಟದ ಒಬ್ಬ ತರುಣ. ಅವನು ನಮ್ಮನ್ನು “ಸಾರ್” ಎಂದು ಕರೆಯುತ್ತಿದ್ದನಾದರೂ ನೀರಿನಲ್ಲಿ ನಮಗೂ ಆ ಮಕ್ಕಳಿಗೂ ಭೇದವೆಣಿಸಲಿಲ್ಲ.

ಮೊದಲ ಎರಡು ವಾರ ನಮ್ಮ ಸ್ಥಿತಿ ಶೋಚನೀಯವಾಗಿತ್ತು. ಮುಖವನ್ನು ನೀರಿಗಿಟ್ಟೊಡನೆ ಉಸಿರು ಬಿಗಿಹಿಡಿಯುವೆವು. ನಾಲ್ಕು ಸಲ ಕೈ ಬೀಸುವಷ್ಟರಲ್ಲಿ ಎದೆ ಬಿರಿಯುವಂತಾಗಿ ಎದ್ದು ನಿಲ್ಲುವೆವು. ಗುರುಗಳು ಕಾರಣವನ್ನು ವಿವರಿಸಿದರು: “ಗಾಳಿ ಸಾಲದೆ ಹೀಗಾಗುವುದಿಲ್ಲ ಸಾರ್. ಒಳಗಿರುವುದನ್ನು ನೀವು ಬಿಡುತ್ತಿಲ್ಲ.” ಉಸಿರನ್ನು ತಡೆದಷ್ಟೂ ಇಂಗಾಲಾಮ್ಲವಾಯು ರಕ್ತದಲ್ಲಿ ಕೂಡುತ್ತ ಹೋಗುವುದು; ಪ್ರಾಣಸಂಕಟವೆನ್ನಿಸುವುದು ಅದರಿಂದ. ನೀರಿನೊಳಗೆ ನಿಧಾನವಾಗಿ ಬಿಡುತ್ತಿದ್ದರೆ, ಮುಖವನ್ನು ಪಕ್ಕಕ್ಕೆ ತಿರುಗಿಸಿದಾಗ ಹೊಸ ಗಾಳಿ ತಾನಾಗಿ ಒಳಬರುವುದು. ರೇಚಕ, ಪೂರಕ, ಕುಂಭಕಗಳೆಂದು ಎಷ್ಟು ವರ್ಷ ಕರಿಹಲಗೆಯ ಮೇಲೆ ಬರೆದಿದ್ದೆವು! ರೇಚಕವೆಂದರೇನೆಂಬುದು ಅರುವತ್ತೊಂದರಲ್ಲಿ ತಿಳಿಯಬೇಕಾಯಿತು.

ತಿಳಿದುದೇನೋ ಸರಿ, ದೇಹ ಒಪ್ಪಬೇಕಲ್ಲ! ಒಂದು ದಿನ ಹೀಗೆ ಕೆಮ್ಮುತ್ತ ಕಂಬಿ ಹಿಡಿದು ನಿಂತಿರಲು, ಪಕ್ಕದಲ್ಲಿದ್ದ ಒಂದು ಹುಡುಗಿ, “ತಾತ, ಗುಳ್ಳೆ ಬಿಡಿ. ಹೀಗೆ, ಬುಡುಬುಡು ಅಂತ. ಅವಸರ ಇಲ್ಲ, ನಾನು ಕಾಯ್ತೀನಿ” ಎಂದು ತಾನು ಮುಳುಗಿ ತೋರಿಸಿದಳು. ನಾವೂ ಮುಳುಗಿ ಗುಳ್ಳೆ ಬಿಟ್ಟೆವು. ಆ ಮಗು ನಿಜವಾಗಿಯೂ ಕಾಯುತ್ತಿತ್ತು.

ಆಗ ನೀರಿನೊಳಗೆ ನಮಗೆ ನೆನಪಾದುದು ಬೇರೊಂದು ಮುಖ. ಬಹಳ ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಉಗ್ಗುವ ಹುಡುಗನೊಬ್ಬನಿದ್ದನು. ರಾಮಶಬ್ದವನ್ನು ಒಪ್ಪಿಸೆಂದರೆ ಎದ್ದು ನಿಂತು ಉಸಿರು ಬಿಗಿಹಿಡಿಯುವನು, ಮುಖ ಕೆಂಪೇರುವುದು, ಸ್ವರ ಹೊರಡದು. ನಾವು ಮೇಜನ್ನು ಕುಟ್ಟಿ “ಹೇಳು, ಹೇಳು” ಎನ್ನುತ್ತಿದ್ದೆವು. ಸೋಮಾರಿಯೆಂದು ಬಗೆದು ಬೆಂಚಿನ ಮೇಲೆ ನಿಲ್ಲಿಸಿದ ದಿನಗಳೂ ಉಂಟು. ಮರುವರ್ಷ ಅವನು ಸಂಸ್ಕೃತವನ್ನು ಬಿಟ್ಟು ಬೇರೆ ವಿಷಯವನ್ನು ತೆಗೆದುಕೊಂಡನು. ಅದು ಅವನ ನಷ್ಟವೆಂದು ಅಂದು ಭಾವಿಸಿದ್ದೆವು. ಉಸಿರು ಸಿಕ್ಕಿಕೊಂಡವನಿಗೆ ‘ಹೇಳು’ ಎಂಬ ಮಾತು ಹೇಗೆ ಕೇಳಿಸುವುದೆಂಬುದು ಈಗ ನಮಗೇ ಗೊತ್ತಾಯಿತು. ಅವನಿಗೆ ಬೇಕಾಗಿದ್ದುದು ಆ ಮಗು ನಮಗೆ ಕೊಟ್ಟುದಷ್ಟೇ.

ಈಜು ಹೀಗೆ ಕುಂಟುತ್ತಿರುವಾಗ ಬೈಸಿಕಲ್ಲು ನಮಗೆ ಧೈರ್ಯ ಕೊಟ್ಟಿತು. ತಾರುಣ್ಯದಲ್ಲಿ ತುಳಿದ ವಿದ್ಯೆ ಮರೆತಿರಲಿಲ್ಲ. ಒಂದು ತಿಂಗಳು ಸಮನಾದ ರಸ್ತೆಗಳಲ್ಲಿ ತಿರುಗಿ, ಬಳಿಕ ಚಾಮುಂಡಿಬೆಟ್ಟದ ದಾರಿಯನ್ನು ಹಿಡಿದೆವು. ಊರಿಗಿಂತ ಸುಮಾರು ೩೦೦ ಮೀಟರು ಎತ್ತರದ ಬೆಟ್ಟ. ಮೊದಲ ದಿನ ಮೂರು ಕಡೆ ಇಳಿದು ತಳ್ಳಿಕೊಂಡು ಹೋದೆವು. ಏರಿನಲ್ಲಿ ಮೊದಲೇ ಹಗುರವಾದ ಗೇರಿಗೆ ಹಾಕಿಕೊಳ್ಳಬೇಕು. ಕಾಲು ಸೋತ ಮೇಲೆ ಹಾಕಹೊರಟರೆ ಸರಪಳಿ ಕಳಚಿಬೀಳುವುದು. ನಮ್ಮದು ಬಿತ್ತು. ಕೈ ಕಪ್ಪಾಯಿತು, ಬಿಳಿಯ ಅಂಗಿಯೂ ಕಪ್ಪಾಯಿತು. ಮನೆಯಲ್ಲಿ ಅದರ ವಿಚಾರಣೆ ಪ್ರತ್ಯೇಕವಾಗಿ ನಡೆಯಿತು.

ಆದರೆ ಮೇಲೆ ತಲುಪಿದಾಗಿನ ಸುಖವನ್ನು ಹೇಗೆ ಹೇಳೋಣ? ಸೂರ್ಯೋದಯದ ಹೊತ್ತಿಗೆ ಇಡೀ ಊರು ಮಂಜಿನೊಳಗಿಂದ ಒಂದೊಂದಾಗಿ ಮೇಲೇಳುವುದು: ಒಂದು ಕಡೆ ಲಲಿತಮಹಲಿನ ಬಿಳುಪು, ಒಂದು ಕಡೆ ಕಾರಂಜಿಕೆರೆಯ ಹೊಳಪು, ನಡುವೆ ಅರಮನೆಯ ಗೋಪುರ. ನಮ್ಮ ಪಾಠಶಾಲೆ ಎಲ್ಲಿರಬಹುದೆಂದು ಹುಡುಕಿದೆವು, ಕಾಣಲಿಲ್ಲ. ಮೂವತ್ತೈದು ವರ್ಷ ನಾವು ಬ್ರಹ್ಮಾಂಡವೆಂದು ತಿಳಿದಿದ್ದುದು ಒಂದು ಮರದ ನೆರಳಿನಷ್ಟೂ ಇರಲಿಲ್ಲ. ಇಳಿಯುವಾಗ ತಂಗಾಳಿ ಕಿವಿಯಲ್ಲಿ ಹಾಡುವುದು. ಅಲ್ಲಿ ಮೈಮರೆಯಬಾರದು, ಎರಡು ಬ್ರೇಕುಗಳನ್ನೂ ಬಿಟ್ಟು ಬಿಟ್ಟು ಹಿಡಿಯುತ್ತ, ತಿರುವಿಗೆ ಮುಂಚೆಯೇ ವೇಗವನ್ನು ತಗ್ಗಿಸಬೇಕು.

ಓಟಕ್ಕೆ ನಾವು ಆರಿಸಿಕೊಂಡುದು ಕುಕ್ಕರಹಳ್ಳಿ ಕೆರೆಯ ಏರಿಯನ್ನು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಕೆರೆಯಿದು. ಕುವೆಂಪುರವರು ಇಲ್ಲಿ ಸಂಚರಿಸುತ್ತಿದ್ದುದನ್ನು ಮೈಸೂರಿಗರೆಲ್ಲ ಬಲ್ಲರು. ಒಂದು ಸುತ್ತು ಬಂದರೆ ೫ ಕಿಲೋಮೀಟರಿಗೆ ತುಸು ಕಡಮೆ. ಬೆಳಗಿನಲ್ಲಿ ಹೆಜ್ಜಾರ್ಲೆಗಳು ದೋಣಿಗಳಂತೆ ತೇಲುತ್ತಿರುವುವು. ನೀರುಕಾಗೆಗಳು ಮುಳುಗಿ ಮೀನು ಹಿಡಿದು, ಕಲ್ಲಿನ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತ ನಿಲ್ಲುವುವು. ನೀರೇ ಮನೆಯಾದ ಹಕ್ಕಿಗೂ ರೆಕ್ಕೆ ಒದ್ದೆಯಾಗುವುದನ್ನು ಕಂಡು ನಮಗೆಷ್ಟೋ ಸಮಾಧಾನವಾಗುತ್ತಿತ್ತು.

ಎರಡು ನಿಮಿಷ ಓಟ, ಮೂರು ನಿಮಿಷ ನಡಿಗೆ ಎಂದು ಮೊದಲು ಮಾಡಿದೆವು. ಕಷ್ಟವಿರುವುದು ಬರಿಯ ಓಟದಲ್ಲಲ್ಲ, ಬೈಸಿಕಲ್ಲಿನಿಂದ ಇಳಿದೊಡನೆ ಓಡುವುದರಲ್ಲಿ. ಒಂದು ಗಂಟೆ ವೃತ್ತಾಕಾರವಾಗಿ ತಿರುಗಿದ ಕಾಲುಗಳು ನೆಲವನ್ನು ಮರೆತಿರುತ್ತವೆ; ತೊಡೆಗಳು ಮರದ ಕೊರಡು, ಮಂಡಿಗಳು ಬೆಣ್ಣೆ. ಹತ್ತು ನಿಮಿಷವಾದ ಮೇಲೆ ಇದು ಸರಿಹೋಗುವುದು. ಎರಡನ್ನೂ ಒಂದರ ಹಿಂದೊಂದು ಅಭ್ಯಾಸ ಮಾಡುವುದಕ್ಕೆ ಈ ಕ್ರೀಡೆಯವರು ‘ಬ್ರಿಕ್’ ಎಂದು ಹೆಸರಿಟ್ಟಿರುವರು, ಎಂದರೆ ಇಟ್ಟಿಗೆ. ಹೆಸರು ಹೇಗೆ ಬಂದಿತೆಂದು ನಮ್ಮ ಕಾಲುಗಳು ಯಾರನ್ನೂ ಕೇಳಬೇಕಾಗಲಿಲ್ಲ.

ಹತ್ತು ತಿಂಗಳು ಕಳೆದ ಮೇಲೆ, ಜನವರಿಯ ಒಂದು ಭಾನುವಾರ, ದೊಡ್ಡ ಪಂದ್ಯದ ಹಂಗಿಲ್ಲದೆ ನಮ್ಮಲ್ಲಿಯೇ ಒಂದು ಪರೀಕ್ಷೆಯನ್ನು ಏರ್ಪಡಿಸಿಕೊಂಡೆವು. ಅಭ್ಯರ್ಥಿಗಳು ಮೂವರು: ಬ್ಯಾಂಕಿನಿಂದ ನಿವೃತ್ತರಾದ ಮಿತ್ರರೊಬ್ಬರು, ಅವರ ಮಗ, ಮತ್ತು ನಾವು. ಗಡಿಯಾರ ಹಿಡಿದವರು ಈಜಿನ ಗುರುಗಳು. ಕೊಳದಲ್ಲಿ ೭೫೦ ಮೀಟರನ್ನು ೩೧ ನಿಮಿಷದಲ್ಲಿ ಮುಗಿಸಿದೆವು. ಗುಳ್ಳೆಗಳನ್ನು ಎಣಿಸುತ್ತಲೇ ಮುಗಿಸಿದೆವೆನ್ನಬೇಕು. ಹೊರವರ್ತುಲ ರಸ್ತೆಯಲ್ಲಿ ೨೦ ಕಿಲೋಮೀಟರಿಗೆ ೬೨ ನಿಮಿಷ. ಒಂದು ಕ್ರೀಡೆಯಿಂದ ಇನ್ನೊಂದಕ್ಕೆ ಬಟ್ಟೆ, ಪಾದರಕ್ಷೆ ಬದಲಾಯಿಸುವುದಕ್ಕೇ ೯ ನಿಮಿಷ. ಬೈಸಿಕಲ್ಲನ್ನು ಮುಟ್ಟುವ ಮೊದಲು ಶಿರಸ್ತ್ರಾಣದ ಪಟ್ಟಿಯನ್ನು ಬಿಗಿಯಬೇಕೆಂಬುದು ನಿಯಮ. ಅದನ್ನು ನಿಷ್ಠೆಯಿಂದ ಪಾಲಿಸಿದೆವು. ಇಳಿದ ಮೇಲೆ ತೆಗೆಯಬೇಕೆಂಬುದು ಮಾತ್ರ ಮರೆತುಹೋಯಿತು. ಶಿರಸ್ತ್ರಾಣಧಾರಿಗಳಾಗಿ ಕೆರೆಯ ಏರಿಯ ಮೇಲೆ ಓಡುತ್ತಿರಲು, ವಾಯುಸೇವನೆಗೆ ಬಂದಿದ್ದ ಇಬ್ಬರು ಹಿರಿಯರು ದಾರಿ ಬಿಟ್ಟು ನಿಂತರು. ಅರ್ಧ ಸುತ್ತು ಮುಗಿದ ಮೇಲೆ ಬೆವರು ಕಣ್ಣಿಗಿಳಿದಾಗಲೇ ನಮಗೆ ಎಚ್ಚರ!

ಓಟಕ್ಕೆ ೪೪ ನಿಮಿಷ; ಒಟ್ಟು ೨ ಗಂಟೆ ೨೬ ನಿಮಿಷ. ಕೆರೆಯ ಬಾಗಿಲಲ್ಲಿ ಗೃಹಿಣಿ ರಾಗಿಯ ಅಂಬಲಿಯನ್ನು ಹಿಡಿದು ನಿಂತಿದ್ದಳು. ಕೊಳದ ಹುಡುಗಿಯೂ ತಂದೆಯೊಡನೆ ಬಂದಿದ್ದಳು. “ತಾತ, ಎಷ್ಟನೇ ನಂಬರು?” “ಮೂರನೆಯದು, ಮಗು.” “ಎಷ್ಟು ಜನ ಇದ್ರು?” ನಾವು ಅಂಬಲಿಯ ಪಾತ್ರೆಯನ್ನು ಮುಖಕ್ಕೆ ಅಡ್ಡವಾಗಿ ಹಿಡಿದೆವು. ಗೃಹಿಣಿ ಮಾತ್ರ ನಗಲಿಲ್ಲ. “ಉಸಿರು ಸರಿಯಾಗಿದೆ ತಾನೆ?” ಎಂದಳು. ಆ ಹತ್ತು ತಿಂಗಳೂ ಅವಳು ಹಾಸ್ಯದ ಮರೆಯಲ್ಲಿ ಬಚ್ಚಿಟ್ಟಿದ್ದ ಭಯ ಆ ಒಂದು ಮಾತಿನಲ್ಲಿ ನಮಗೆ ಕಂಡಿತು. ಈಗ ಅವಳೂ ದಿನವೂ ಕೆರೆಯ ಸುತ್ತ ನಡೆಯುತ್ತಾಳೆ.

ನಮ್ಮ ವಯಸ್ಸಿನ ವಾಚಕರಲ್ಲಿ ಯಾರಿಗಾದರೂ ಮನಸ್ಸಾದರೆ ಎರಡು ಮಾತು. ವೈದ್ಯರನ್ನು ಕೇಳದೆ ಪ್ರಾರಂಭಿಸಬೇಡಿ. ಎದೆಯಲ್ಲಿ ನೋವೋ ತಲೆಸುತ್ತೋ ಕಂಡರೆ ಆ ಕ್ಷಣವೇ ನಿಲ್ಲಿಸಿರಿ. ಕೊಳದಲ್ಲಿ ಕಲಿತೆವೆಂದು ಒಬ್ಬರೇ ಕೆರೆಗೋ ಹೊಳೆಗೋ ಇಳಿಯಬೇಡಿ; ಅಲ್ಲಿ ಹಿಡಿಯಲು ಕಂಬಿಯಿಲ್ಲ, ಸೆಳವು ಹೊರಗೆ ಕಾಣುವುದಿಲ್ಲ. ಮಿಕ್ಕುದೆಲ್ಲ ಅಭ್ಯಾಸದಿಂದ ಬರುವುದು.

ನಮ್ಮ ಮನೆಗೆ ಸಾಯಂಕಾಲ ನೆರೆಯ ಇಬ್ಬರು ಮಕ್ಕಳು ಸಂಸ್ಕೃತ ಕಲಿಯಲು ಬರುತ್ತಾರೆ. ಮೊನ್ನೆ ಅವರಲ್ಲಿ ಚಿಕ್ಕವನು ರಾಮಶಬ್ದವನ್ನು ಒಪ್ಪಿಸುತ್ತ ದ್ವಿತೀಯಾ ವಿಭಕ್ತಿಯಲ್ಲಿ ನಿಂತುಬಿಟ್ಟನು. ‘ಹೇಳು’ ಎಂಬ ಮಾತು ಹಳೆಯ ಅಭ್ಯಾಸದಿಂದ ನಮ್ಮ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ನಿಧಾನವಾಗಿ ಉಸಿರನ್ನು ಬಿಟ್ಟು, “ಅವಸರವಿಲ್ಲ ಮಗು, ನಾವು ಕಾಯುತ್ತೇವೆ” ಎಂದೆವು. ಅವನು ಒಮ್ಮೆ ನಮ್ಮ ಮುಖವನ್ನು ನೋಡಿದನು. ಕಿಟಕಿಯ ಹೊರಗೆ ನೋಡಿದನು. ಆಮೇಲೆ ತಾನಾಗಿಯೇ ಮುಂದುವರಿದನು.