ಪರದೆಗೆ ಬಾರದ ಚಿತ್ರ

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು" ಎಂಬ ಗಾದೆಯನ್ನು ನಮ್ಮ ಹಿರಿಯರು ಓದಿದವರನ್ನು ಹಂಗಿಸುವುದಕ್ಕೆಂದೇ ಮಾಡಿಟ್ಟಿರಬೇಕು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದುದರಿಂದ ರೇಷನ್ ಕಾರ್ಡಿನ ಅರ್ಜಿಯಿಂದ ಹಿಡಿದು ಔಷಧದ ಸೀಸೆಯ ಮೇಲಿನ ಚೀಟಿಯವರೆಗೆ ಎಲ್ಲವೂ ನನ್ನ ಮುಂದೆ ಬರುತ್ತದೆ. ಇತಿಹಾಸ ಓದುವವನಿಗೆ ಪಂಪ್‌ಸೆಟ್ಟಿನ ರಿಪೇರಿ ತಿಳಿಯದೆಂದರೆ ಯಾರೂ ನಂಬುವುದಿಲ್ಲ. ಈ ವರುಷ ಬಂದದ್ದು ಕಂಪ್ಯೂಟರು.

ನನ್ನ ಸೋದರಮಾವ ಮದುವೆಗಳಲ್ಲಿ ವೀಡಿಯೋ ತೆಗೆಯುವವರು. ತೆಗೆದುದನ್ನು ಜೋಡಿಸಿ, ಹಾಡು ಸೇರಿಸುವ ಮಿಕ್ಸಿಂಗ್ ಕೆಲಸವನ್ನು ಪಟ್ಟಣದಲ್ಲಿ ಮಾಡಿಸುತ್ತಿದ್ದರು. ಸಂಪಾದನೆಯ ಅರ್ಧ ಅಲ್ಲಿಗೇ ಹೋಗುತ್ತಿತ್ತು. ಕೊನೆಗೆ ಅತ್ತೆಯ ಬಳೆಗಳನ್ನು ಅಡವಿಟ್ಟು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 80,000 ರೂಪಾಯಿಗೆ ಕಂಪ್ಯೂಟರೊಂದನ್ನು ಜೋಡಿಸಿಕೊಂಡು ಬಸ್ಸಿನಲ್ಲಿ ತಂದರು.

ಗುಂಡಿ ಒತ್ತಿದೆವು. ಫ್ಯಾನುಗಳು ತಿರುಗಿದವು, ಬಣ್ಣದ ದೀಪಗಳು ಹತ್ತಿದವು. ಮಾನಿಟರಿನಲ್ಲಿ ಮಾತ್ರ 'ನೋ ಸಿಗ್ನಲ್' ಎಂದು ಬಂದು ಮರುಕ್ಷಣ ಕತ್ತಲೆ. ನೆರೆದವರಲ್ಲಿ ಒಬ್ಬರು ಗ್ರಾಫಿಕ್ಸ್ ಕಾರ್ಡು ಸುಟ್ಟಿದೆ ಎಂದರು. ಇನ್ನೊಬ್ಬರು ದೃಷ್ಟಿ ತಗುಲಿದೆ ಎಂದರು. ಅತ್ತೆ ಬರಿಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಮಾವ ನನ್ನ ಕಡೆ ತಿರುಗಿ, "ಬಿ.ಎ. ಓದ್ತಾ ಇದೀಯಲ್ಲ, ಏನಾಗದೆ ನೋಡ್ಲಾ ಅಳಿಯ" ಎಂದರು.

ಪೆಟ್ಟಿಗೆಯ ತಳದಲ್ಲಿ ಮದರ್‌ಬೋರ್ಡಿನ ಕೈಪಿಡಿಯಿತ್ತು. ಇಂಗ್ಲಿಷಿನಲ್ಲಿದ್ದುದರಿಂದ ಯಾರೂ ಅದನ್ನು ಬಿಡಿಸಿರಲಿಲ್ಲ. ನಾನು ಓದತೊಡಗಿದೆ. ಎಲ್ಲ ಆಧಾರಗಳನ್ನೂ ಒಟ್ಟಿಗೆ ಶಂಕಿಸದೆ ಒಂದೊಂದನ್ನೇ ಪರೀಕ್ಷಿಸಬೇಕೆಂದು ಇತಿಹಾಸದ ಮೇಷ್ಟರು ಹೇಳುವುದುಂಟು. ಅದೇ ಕ್ರಮವನ್ನು ಇಲ್ಲಿಯೂ ಹಿಡಿದೆ.

'ನೋ ಸಿಗ್ನಲ್' ಎಂದು ಹೇಳುವ ಮಾನಿಟರಿಗೆ ಜೀವವಿದೆ ಎಂದಾಯಿತು. ಟಿ.ವಿ.ಯ ಎಚ್‌ಡಿಎಂಐ ಕೇಬಲ್ಲನ್ನು ಹಾಕಿದರೂ ಅದೇ ಕತ್ತಲೆ. ಕೇಬಲ್ಲಿನ ದೋಷವೂ ಅಲ್ಲ. ಪೆಟ್ಟಿಗೆಯ ಹಿಂದೆ ಕೇಬಲ್ಲಿಗೆ ಎರಡು ಕಡೆ ಜಾಗ: ಮೇಲಿನದು ಮದರ್‌ಬೋರ್ಡಿನದು, ಕೆಳಗಿನದು ಕಾರ್ಡಿನದು. ನಮ್ಮ ಇಂಟೆಲ್ ಪ್ರೊಸೆಸರಿನ ಸಂಖ್ಯೆಯ ತುದಿಯಲ್ಲಿ 'ಎಫ್' ಎಂಬ ಅಕ್ಷರವಿತ್ತು. 2019ರಿಂದ ಬರುತ್ತಿರುವ ಈ ಬಗೆಗೆ ಸ್ವಂತ ಚಿತ್ರಶಕ್ತಿಯಿಲ್ಲ. ಮೇಲಿನ ಜಾಗದಿಂದ ಏನೂ ಬಾರದು. ನಮ್ಮ ಕೇಬಲ್ಲು ಸರಿಯಾಗಿ ಕೆಳಗೇ ಇತ್ತು.

ಮದರ್‌ಬೋರ್ಡಿನ ಅಂಚಿನಲ್ಲಿ ಸಾಸಿವೆಯಷ್ಟು ದೊಡ್ಡ ನಾಲ್ಕು ದೀಪಗಳಿವೆ: ಸಿಪಿಯು, ಡ್ರಾಮ್, ವಿಜಿಎ, ಬೂಟ್. ಯಂತ್ರವು ತನ್ನ ಅಂಗಗಳನ್ನು ಸರದಿಯಂತೆ ತಾನೇ ಪರೀಕ್ಷಿಸಿಕೊಂಡು, ತೊಡಕಿದ್ದಲ್ಲಿ ದೀಪವನ್ನು ಉರಿಸಿ ನಿಲ್ಲುತ್ತದೆ. ಮೊದಲೆರಡು ಆರಿ, ವಿಜಿಎ ದೀಪ ಉರಿಯುತ್ತಲೇ ಇತ್ತು. ಎಂದರೆ ಪ್ರೊಸೆಸರು, ಮೆಮೊರಿ ನಿರಪರಾಧಿಗಳು. ತೊಡಕು ಕಾರ್ಡಿನ ಬಳಿ.

ಪ್ಲಗ್ಗು ಕಿತ್ತು, ಪವರ್ ಗುಂಡಿಯನ್ನು ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಕಳೆದು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಕೈಹಾಕಿದೆ. ಕಾರ್ಡಿಗೆ ಸ್ಲಾಟಿನಿಂದ ದೊರೆಯುವುದು ಹೆಚ್ಚೆಂದರೆ 75 ವ್ಯಾಟ್. 8 ಪಿನ್ನಿನ ಬೇರೊಂದು ವೈರು ಇನ್ನೂ 150 ವ್ಯಾಟ್‌ವರೆಗೆ ಒದಗಿಸುತ್ತದೆ. ಆ ವೈರು ಭದ್ರವಾಗಿಯೇ ಇತ್ತು. ಟಾರ್ಚು ಬಿಟ್ಟು ನೋಡಿದಾಗ ಕಾರ್ಡಿನ ಒಂದು ತುದಿ ಸ್ಲಾಟಿನಿಂದ ಕೂದಲೆಳೆಯಷ್ಟು ಮೇಲೆದ್ದಿತ್ತು. ಚಿನ್ನದ ಬಣ್ಣದ ಅಂಚು ಹೊರಗೆ ಮಿನುಗುತ್ತಿತ್ತು. ಭಾರವಾದ ಕಾರ್ಡು, ಹಳ್ಳಕೊಳ್ಳದ ರಸ್ತೆ, ಬಸ್ಸಿನ ಕುಲುಕಾಟ. ಬೇರೇನು ಬೇಕು? ಸ್ಕ್ರೂ ಸಡಿಲಿಸಿ, ಕಾರ್ಡನ್ನು ತೆಗೆದು, ನೇರವಾಗಿ ಒತ್ತಿದೆ. ಕೊಕ್ಕೆ 'ಟಕ್' ಎಂದಿತು. ಮತ್ತೆ ಗುಂಡಿ ಒತ್ತಿದಾಗ ದೀಪ ಆರಿತು, ಪರದೆ ಬೆಳಗಿತು.

ಮಾವ ಹೊಗಳಲಿಲ್ಲ, "ಅಷ್ಟೇನಾ?" ಎಂದರು. ನಿಜ, ಅಷ್ಟೇ. ಆದರೆ ಆ ಅಷ್ಟನ್ನು ತಿಳಿಯದಿದ್ದರೆ ಚೆನ್ನಾಗಿರುವ ಕಾರ್ಡು ಸುಟ್ಟದ್ದೆಂದು ಬೆಂಗಳೂರಿಗೆ ಹಿಂದಿರುಗುತ್ತಿತ್ತು. ಬಡ್ಡಿ ಮಾತ್ರ ಇಲ್ಲೇ ಬೆಳೆಯುತ್ತಿತ್ತು. ಬಿ.ಎ. ಓದಿ ಏನು ಪ್ರಯೋಜನವೆಂದು ಕೇಳುವವರಿಗೆ ನಾನು ದೊಡ್ಡ ಉತ್ತರ ಕೊಡಲಾರೆ. ಯಂತ್ರವಿದ್ಯೆಯನ್ನು ನನಗೆ ಯಾರೂ ಕಲಿಸಿಲ್ಲ. ಅಪರಿಚಿತವಾದ ಪುಸ್ತಕವನ್ನು ಅಂಜದೆ ತೆರೆಯುವುದನ್ನೂ, ಊಹೆಗೂ ಸಾಕ್ಷಿಗೂ ಇರುವ ಅಂತರವನ್ನೂ ಕಲಿಸಿದ್ದಾರೆ. ಇದು ಒಬ್ಬನ ಸ್ವತ್ತಾಗಿ ಉಳಿಯಬಾರದು. ಆ ನಾಲ್ಕು ದೀಪಗಳ ಅರ್ಥವನ್ನು ಕನ್ನಡದಲ್ಲಿ ಬರೆದು ಮಾವನ ಗೋಡೆಗೆ ಅಂಟಿಸಿದ್ದೇನೆ. ಏಳನೆಯ ತರಗತಿಯವರೆಗೆ ಓದಿದ ಅತ್ತೆ ಅದನ್ನು ಈಗ ಬಾಯಿಪಾಠವಾಗಿ ಹೇಳುತ್ತಾರೆ.